ಎರಡು ಮಾನಿಟರ್, ಎರಡು ಬಣ್ಣ! ಒಂದೇ ರೀತಿ ಕಾಣುವಂತೆ ಹೊಂದಿಸುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಲ್ಯಾಪ್‌ಟಾಪ್‌ನಲ್ಲಿ ಇಳಕಲ್ ಸೀರೆಯ ಸೆರಗು ಕಡುಗೆಂಪು. ಅದೇ ಫೋಟೊವನ್ನು ಪಕ್ಕದ ಮಾನಿಟರ್‌ಗೆ ಎಳೆದು ಬಿಟ್ಟರೆ ಇಟ್ಟಿಗೆ ಬಣ್ಣ! ಇವೆರಡರಲ್ಲಿ ಯಾವುದು ನಿಜ? ಯಾವುದನ್ನು ನಂಬಿ ಗ್ರಾಹಕರಿಗೆ ಫೋಟೊ ಕಳುಹಿಸಬೇಕು?

ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೀರೆ ಮಾರುವವರು, ಮದುವೆ ಆಲ್ಬಂ ಮಾಡುವ ಫೋಟೊಗ್ರಾಫರ್‌ಗಳು, ಗ್ರಾಫಿಕ್ ಡಿಸೈನರ್‌ಗಳು, ವಿಡಿಯೊ ಎಡಿಟರ್‌ಗಳು ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆ ಇದು. ಬಣ್ಣ ತಪ್ಪಿದರೆ ಅದರ ಬೆಲೆ ತೆರುವವರೂ ಅವರೇ. ಕಳುಹಿಸಿದ ಸೀರೆ ವಾಪಸ್ ಬರುತ್ತದೆ. ಆಲ್ಬಂ ಅನ್ನು ಕೈಯಿಂದ ದುಡ್ಡು ಹಾಕಿ ಮತ್ತೊಮ್ಮೆ ಪ್ರಿಂಟ್ ಮಾಡಿಸಬೇಕಾಗುತ್ತದೆ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಎರಡೂ ಸ್ಕ್ರೀನ್‌ಗಳಲ್ಲಿ ಒಂದೇ ಅಂಕಿ ಹಾಕಿ ನೋಡುತ್ತಾರೆ. ಬ್ರೈಟ್‌ನೆಸ್ 50, ಕಲರ್ ಟೆಂಪರೇಚರ್ 6500. ಆದರೂ ಬಣ್ಣ ಹೊಂದುವುದಿಲ್ಲ. ದುಬಾರಿ ಕ್ಯಾಲಿಬ್ರೇಷನ್ ಉಪಕರಣ ತಂದು ಅಳತೆ ಮಾಡಿದರೂ ಕೆಲವೊಮ್ಮೆ ವ್ಯತ್ಯಾಸ ಉಳಿದುಬಿಡುತ್ತದೆ. ಇದು ನಿಮ್ಮ ತಪ್ಪಲ್ಲ, ಉಪಕರಣವೂ ಕೆಟ್ಟಿಲ್ಲ. ಹಾಗಾದರೆ ಕಾರಣವೇನು? ಯಾವ ಕ್ರಮದಲ್ಲಿ ಹೊಂದಿಸಬೇಕು? ಎಲ್ಲಿಯವರೆಗೆ ಹೊಂದಿಸಲು ಸಾಧ್ಯ? ನೋಡೋಣ.

ಒಂದೇ ಫೋಟೊ ಎರಡು ಬಣ್ಣದಲ್ಲಿ ಕಾಣುವುದೇಕೆ?

ಫೋಟೊ ಫೈಲ್‌ನಲ್ಲಿ ಬಣ್ಣ ಇರುವುದಿಲ್ಲ, ಅಂಕಿಗಳಿರುತ್ತವೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬ ಮೂರು ಅಂಕಿಗಳು. 'ಕೆಂಪು 255' ಎಂದರೆ 'ನಿನ್ನಲ್ಲಿರುವ ಕೆಂಪನ್ನು ಪೂರ್ತಿ ತೋರಿಸು' ಎಂದರ್ಥ. ಆದರೆ ಎಲ್ಲ ಮಾನಿಟರ್‌ಗಳ ಬಳಿಯೂ ಒಂದೇ ಕೆಂಪು ಇರುವುದಿಲ್ಲ. ಮುಖ್ಯವಾಗಿ ನಾಲ್ಕು ವಿಷಯಗಳಲ್ಲಿ ಒಂದು ಸ್ಕ್ರೀನ್ ಇನ್ನೊಂದಕ್ಕಿಂತ ಭಿನ್ನವಾಗಿರುತ್ತದೆ.

1. ಬಣ್ಣದ ವ್ಯಾಪ್ತಿ: ಒಂದು ಸ್ಕ್ರೀನ್ ಎಷ್ಟು ಗಾಢವಾದ ಬಣ್ಣಗಳನ್ನು ತೋರಿಸಬಲ್ಲದು ಎಂಬ ಮಿತಿಗೆ ಗ್ಯಾಮಟ್ ಎನ್ನುತ್ತಾರೆ. ಇಂಟರ್ನೆಟ್‌ನಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಅಳತೆಗೋಲು ಎಸ್‌ಆರ್‌ಜಿಬಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಇದನ್ನು ಮುಂದಿಟ್ಟವು. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಕಡಿಮೆ ಬೆಲೆಯ ಹಲವು ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ '45% ಎನ್‌ಟಿಎಸ್‌ಸಿ' ಎಂದಿರುತ್ತದೆ. ಅಂದರೆ ಅವು ಎಸ್‌ಆರ್‌ಜಿಬಿಯ ಸುಮಾರು ಶೇ. 60ರ ಆಸುಪಾಸಿನಷ್ಟು ಬಣ್ಣವನ್ನು ಮಾತ್ರ ತೋರಿಸಬಲ್ಲವು. ಇನ್ನೊಂದು ತುದಿಯಲ್ಲಿ, 2016ರಿಂದೀಚೆಗಿನ ಮ್ಯಾಕ್‌ಬುಕ್ ಪ್ರೊಗಳ ಪಿ3 ಸ್ಕ್ರೀನ್ ಎಸ್‌ಆರ್‌ಜಿಬಿಗಿಂತಲೂ ಸುಮಾರು ಕಾಲುಭಾಗ ಹೆಚ್ಚು ವ್ಯಾಪ್ತಿ ಹೊಂದಿದೆ.

2. ಬಿಳಿ: 'ಬಿಳಿ' ಎಂಬುದರಲ್ಲೂ ನೂರು ಬಗೆ. ಒಂದು ಸ್ಕ್ರೀನ್‌ನ ಬಿಳಿ ನೀಲಿಯತ್ತ, ಇನ್ನೊಂದರದು ಹಳದಿ ಅಥವಾ ಹಸಿರಿನತ್ತ ವಾಲಿರುತ್ತದೆ. ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಡಿ65, ಅಂದರೆ ಸುಮಾರು 6500 ಕೆಲ್ವಿನ್. ಮಾನಿಟರ್ ಮೆನುವಿನಲ್ಲಿರುವ '6500' ಎಂಬುದು ಕಂಪನಿಯ ಅಂದಾಜು ಮಾತ್ರ, ಅಳತೆಯಲ್ಲ.

3. ಬೆಳಕು: ಒಂದು ಮಾನಿಟರ್‌ನ 50, ಇನ್ನೊಂದು ಮಾನಿಟರ್‌ನ 50ಕ್ಕೆ ಸಮವಲ್ಲ. ಅದು ಫ್ಯಾನ್ ರೆಗ್ಯುಲೇಟರ್‌ನ ಅಂಕಿಯಂತೆ. ಎರಡು ಫ್ಯಾನ್‌ಗಳನ್ನು 3ಕ್ಕೆ ಇಟ್ಟರೂ ಗಾಳಿ ಒಂದೇ ಆಗಿರಬೇಕೆಂದಿಲ್ಲ.

4. ಗಾಮಾ: ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳಲ್ಲಿ ನಡುವಿನ ಬೂದು ಬಣ್ಣಗಳು ಎಷ್ಟು ಬೆಳಗಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಸಾಮಾನ್ಯ ಗುರಿ 2.2. ಇದು ಬದಲಾದರೆ ಮುಖದ ನೆರಳು ಒಂದರಲ್ಲಿ ಕಪ್ಪಗೆ, ಇನ್ನೊಂದರಲ್ಲಿ ಪೇಲವವಾಗಿ ಕಾಣುತ್ತದೆ.

ಒಂದೇ ಮಾನಿಟರ್ ಇದ್ದಾಗ ಈ ಯಾವ ತೊಂದರೆಯೂ ಕಾಣಿಸುವುದಿಲ್ಲ. ಏಕೆಂದರೆ ನಮ್ಮ ಕಣ್ಣು ಎದುರಿಗಿರುವ ಬಿಳಿಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುತ್ತದೆ. ಎರಡು ಸ್ಕ್ರೀನ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಎರಡೂ ಬಿಳಿಗೆ ಏಕಕಾಲಕ್ಕೆ ಒಗ್ಗಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಆಗ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಕ್ಯಾಲಿಬ್ರೇಷನ್ ಬೇರೆ, ಪ್ರೊಫೈಲ್ ಬೇರೆ

ಈ ಎರಡು ಪದಗಳನ್ನು ಒಂದೇ ಎಂದು ತಿಳಿಯುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ.

ಕ್ಯಾಲಿಬ್ರೇಷನ್ ಎಂದರೆ ಸ್ಕ್ರೀನ್ ಅನ್ನೇ ತಿದ್ದುವುದು. ಬ್ರೈಟ್‌ನೆಸ್, ಬಿಳಿ, ಗಾಮಾಗಳನ್ನು ಒಂದು ಗುರಿಗೆ ತರುವುದು.

ಪ್ರೊಫೈಲ್ ಎಂದರೆ ತಿದ್ದಿದ ನಂತರ ಆ ಸ್ಕ್ರೀನ್ ಹೇಗಿದೆ ಎಂಬ ವಿವರವಿರುವ ಒಂದು ಸಣ್ಣ ಫೈಲ್. ಇದನ್ನು ಐಸಿಸಿ ಪ್ರೊಫೈಲ್ ಎನ್ನುತ್ತಾರೆ. ಫೋಟೊಶಾಪ್‌ನಂಥ ಸಾಫ್ಟ್‌ವೇರ್ ಇದನ್ನು ಓದಿಕೊಂಡು, 'ಈ ಸ್ಕ್ರೀನ್‌ನ ಕೆಂಪು ಸ್ವಲ್ಪ ಹೆಚ್ಚು ಗಾಢ, ಹಾಗಾಗಿ 255ರ ಬದಲು ಕಡಿಮೆ ಅಂಕಿ ಕಳುಹಿಸೋಣ' ಎಂದು ಲೆಕ್ಕ ಹಾಕುತ್ತದೆ.

ಎರಡು ಬೇರೆ ಬೇರೆ ಮಾನಿಟರ್ ಹೊಂದಬೇಕಾದರೆ ಎರಡೂ ಕೆಲಸ ಆಗಲೇಬೇಕು. ಬಿಳಿ ಮತ್ತು ಬೆಳಕನ್ನು ಕ್ಯಾಲಿಬ್ರೇಷನ್ ಸರಿಪಡಿಸುತ್ತದೆ. ಉಳಿದ ಬಣ್ಣಗಳನ್ನು ಪ್ರೊಫೈಲ್ ನೋಡಿಕೊಳ್ಳುತ್ತದೆ. ಒಂದು ಮಾನಿಟರ್‌ನ ಪ್ರೊಫೈಲ್ ಅನ್ನು ಇನ್ನೊಂದಕ್ಕೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಇನ್ನಷ್ಟು ಕೆಡುತ್ತದೆ. ಅಂಗಡಿಯಲ್ಲಿ ಒಬ್ಬರ ಅಳತೆ ಕೊಟ್ಟು ಇನ್ನೊಬ್ಬರಿಗೆ ಅಂಗಿ ಹೊಲಿಸಿದಂತೆ.

ಶುರು ಮಾಡುವ ಮುನ್ನ ಇವನ್ನು ಮರೆಯಬೇಡಿ

* ಎರಡೂ ಮಾನಿಟರ್‌ಗಳನ್ನು ಕನಿಷ್ಠ 30 ನಿಮಿಷ ಆನ್ ಮಾಡಿಡಿ. ಬಿಸಿಯಾಗುವವರೆಗೆ ಬೆಳಕು ಸ್ಥಿರವಾಗಿರುವುದಿಲ್ಲ.
* ತಾನಾಗಿಯೇ ಬಣ್ಣ ಬದಲಿಸುವ ಎಲ್ಲವನ್ನೂ ಆಫ್ ಮಾಡಿ. ವಿಂಡೋಸ್‌ನಲ್ಲಿ ನೈಟ್ ಲೈಟ್ ಮತ್ತು ಎಚ್‌ಡಿಆರ್, ಮ್ಯಾಕ್‌ನಲ್ಲಿ ಟ್ರೂ ಟೋನ್, ನೈಟ್ ಶಿಫ್ಟ್ ಮತ್ತು ಆಟೋ ಬ್ರೈಟ್‌ನೆಸ್, ಮಾನಿಟರ್ ಮೆನುವಿನಲ್ಲಿ ಇಕೊ ಮೋಡ್, ಡೈನಾಮಿಕ್ ಕಾಂಟ್ರಾಸ್ಟ್, ಬ್ಲೂ ಲೈಟ್ ಫಿಲ್ಟರ್.
* ಮಾನಿಟರ್ ಅನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ರೇಂಜ್ 'ಫುಲ್' ಇದೆಯೇ ನೋಡಿ. 'ಲಿಮಿಟೆಡ್' ಇದ್ದರೆ ಕಂಪ್ಯೂಟರ್ 0ರಿಂದ 255ರ ಬದಲು 16ರಿಂದ 235ರವರೆಗಿನ ಅಂಕಿಗಳನ್ನಷ್ಟೇ ಕಳುಹಿಸುತ್ತದೆ. ಮಾನಿಟರ್‌ಗೆ ಅದು ಗೊತ್ತಾಗದಿದ್ದರೆ ಕಪ್ಪು ಬೂದಿಯಂತೆ ಕಾಣುತ್ತದೆ. ಎಷ್ಟೋ ಸಲ 'ಮಾನಿಟರ್ ಸರಿಯಿಲ್ಲ' ಎಂಬ ದೂರಿನ ಹಿಂದೆ ಇರುವುದು ಇಷ್ಟೇ.
* ಕೋಣೆಯ ಬೆಳಕು ಒಂದೇ ರೀತಿ ಇರಲಿ. ಕಿಟಕಿಯ ಬಿಸಿಲು ಒಂದೇ ಸ್ಕ್ರೀನ್ ಮೇಲೆ ಬೀಳದಿರಲಿ. ನಮ್ಮ ಮನೆಗಳಲ್ಲಿ ಬಳಸುವ 'ಕೂಲ್ ಡೇಲೈಟ್' ಎಲ್‌ಇಡಿ ಬಲ್ಬ್‌ಗಳು ಬಹುತೇಕ 6500 ಕೆಲ್ವಿನ್‌ನವು. ಹಳದಿ ಬೆಳಕಿನ ಬಲ್ಬ್‌ಗಿಂತ ಈ ಕೆಲಸಕ್ಕೆ ಇವೇ ವಾಸಿ. ಗಾಢ ಗುಲಾಬಿ ಅಥವಾ ಹಸಿರು ಗೋಡೆಯ ಪ್ರತಿಫಲನವೂ ಕಣ್ಣಿಗೆ ಮೋಸ ಮಾಡುತ್ತದೆ.
* ಎರಡೂ ಸ್ಕ್ರೀನ್‌ಗಳು ಕಣ್ಣಿನ ಎತ್ತರಕ್ಕೆ, ನಿಮ್ಮ ಮುಖಕ್ಕೆ ನೇರವಾಗಿರಲಿ. ಲ್ಯಾಪ್‌ಟಾಪ್ ಕೆಳಗಿದ್ದರೆ ಅದರ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟರೂ ಆದೀತು.

ಮೊದಲು ಒಂದನ್ನು 'ಯಜಮಾನ' ಮಾಡಿ

ಎರಡನ್ನೂ ಏಕಕಾಲಕ್ಕೆ ತಿದ್ದಲು ಹೋದರೆ ಕೆಲಸ ಮುಗಿಯುವುದೇ ಇಲ್ಲ. ಇದನ್ನು ಸ್ವಲ್ಪ, ಅದನ್ನು ಸ್ವಲ್ಪ ಎನ್ನುತ್ತಾ ಎರಡೂ ಹಾಳಾಗುತ್ತವೆ. ಆದ್ದರಿಂದ ಒಂದನ್ನು ಮುಖ್ಯ ಸ್ಕ್ರೀನ್ ಎಂದು ತೀರ್ಮಾನಿಸಿ. ಬಣ್ಣದ ವ್ಯಾಪ್ತಿ ಹೆಚ್ಚಿರುವ, ಯಾವ ಕೋನದಿಂದ ನೋಡಿದರೂ ಹೆಚ್ಚು ಬದಲಾಗದ ಐಪಿಎಸ್ ಪ್ಯಾನಲ್ ಇದಕ್ಕೆ ಸೂಕ್ತ. ಮೊದಲು ಅದನ್ನು ಮಾನದಂಡಕ್ಕೆ ತನ್ನಿ. ನಂತರ ಇನ್ನೊಂದನ್ನು ಅದರ ಹತ್ತಿರಕ್ಕೆ ತನ್ನಿ.

ಒಂದು ವಿನಾಯಿತಿ ಇದೆ. ನಿಮ್ಮದು ಬರೀ ಎಕ್ಸೆಲ್, ಇಮೇಲ್, ಕೋಡಿಂಗ್ ಕೆಲಸವಾಗಿದ್ದು, ಕಣ್ಣಿಗೆ ಕಿರಿಕಿರಿ ಆಗಬಾರದು ಎಂಬುದಷ್ಟೇ ಉದ್ದೇಶವಾಗಿದ್ದರೆ ಲ್ಯಾಪ್‌ಟಾಪ್ ಅನ್ನು ಹಾಗೆಯೇ ಬಿಟ್ಟು ಮಾನಿಟರ್ ಅನ್ನು ಅದಕ್ಕೆ ಹೊಂದಿಸಿ. ಮಾನಿಟರ್‌ನಲ್ಲಿ ಬಟನ್, ಮೆನು ಎಲ್ಲ ಇರುವುದರಿಂದ ಇದು ಸುಲಭ. ಆದರೆ ಬಣ್ಣವೇ ನಿಮ್ಮ ಅನ್ನವಾಗಿದ್ದರೆ ಒಳ್ಳೆಯ ಮಾನಿಟರ್ ಅನ್ನು ಸಾಧಾರಣ ಲ್ಯಾಪ್‌ಟಾಪ್‌ನ ಮಟ್ಟಕ್ಕೆ ಇಳಿಸಬೇಡಿ.

ಹಂತ 1: ಬೆಳಕು ಹೊಂದಿಸಿ

ಎಲ್ಲಕ್ಕಿಂತ ಮೊದಲು ಬ್ರೈಟ್‌ನೆಸ್. ಒಂದು ಸ್ಕ್ರೀನ್ ಹೆಚ್ಚು ಬೆಳಗುತ್ತಿದ್ದರೆ ಅದರ ಬಣ್ಣಗಳೂ ಹೆಚ್ಚು ಗಾಢವಾಗಿ ಕಾಣುತ್ತವೆ. ಹಾಗಾಗಿ ಬೆಳಕು ಹೊಂದದೆ ಬಣ್ಣ ಹೋಲಿಸುವುದು ವ್ಯರ್ಥ.

ಎಸ್‌ಆರ್‌ಜಿಬಿ ಮಾನದಂಡದಲ್ಲಿ ಹೇಳಿರುವುದು 80 ನಿಟ್ಸ್. ಫೋಟೊ ಕೆಲಸ ಮಾಡುವವರು ಸಾಮಾನ್ಯವಾಗಿ 80ರಿಂದ 120 ನಿಟ್ಸ್ ನಡುವೆ ಇಡುತ್ತಾರೆ. ಉಪಕರಣ ಇಲ್ಲದಿದ್ದರೆ ಮಾನಿಟರ್ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನ್‌ನ ಬಿಳಿ ಬಲ್ಬ್‌ನಂತೆ ಹೊಳೆಯದೆ, ಆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ನಂತರ ಎರಡೂ ಸ್ಕ್ರೀನ್‌ಗಳಲ್ಲಿ ಪೂರ್ತಿ ಬಿಳಿ ಪುಟ ತೆರೆದು ಎರಡನೆಯದನ್ನು ಮೊದಲನೆಯದಕ್ಕೆ ಸಮ ಮಾಡಿ.

'ಸ್ಕ್ರೀನ್‌ನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಾಗಿ ಬಂತು' ಎಂಬುದು ಆಲ್ಬಂ ಮಾಡುವವರ ಸಾಮಾನ್ಯ ದೂರು. ಮಾನಿಟರ್‌ನ ಬ್ರೈಟ್‌ನೆಸ್ ಅತಿಯಾಗಿರುವುದೇ ಇದಕ್ಕೆ ಹೆಚ್ಚಾಗಿ ಕಾರಣ. ಬೆಳಕು ಜಾಸ್ತಿ ಇದ್ದಾಗ ಫೋಟೊ ಸಾಕಷ್ಟು ಬೆಳ್ಳಗಿದೆ ಎಂದುಕೊಂಡು ನಾವು ಅದನ್ನು ಕಪ್ಪಾಗಿಯೇ ಬಿಟ್ಟಿರುತ್ತೇವೆ.

ಹಂತ 2: ಬಿಳಿ ಹೊಂದಿಸಿ

ಮುಖ್ಯ ಮಾನಿಟರ್‌ನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ 6500 ಕೆಲ್ವಿನ್ ಇಡಿ. ಎರಡನೇ ಮಾನಿಟರ್‌ನ ಮೆನುವಿನಲ್ಲಿ ಕಲರ್ ಟೆಂಪರೇಚರ್ ಅನ್ನು 'ಯೂಸರ್' ಅಥವಾ 'ಕಸ್ಟಮ್' ಮಾಡಿ. ಆಗ ಕೆಂಪು, ಹಸಿರು, ನೀಲಿಯ ಮೂರು ನಿಯಂತ್ರಣಗಳು ಸಿಗುತ್ತವೆ.

ಈಗ ಎರಡೂ ಕಡೆ ಬಿಳಿ ಪುಟ ನೋಡಿ:

* ಎರಡನೆಯದು ನೀಲಿಯಾಗಿ ಕಂಡರೆ ನೀಲಿ ಇಳಿಸಿ.
* ಹಸಿರಾಗಿ ಕಂಡರೆ ಹಸಿರು ಇಳಿಸಿ.
* ಗುಲಾಬಿಯಾಗಿ ಕಂಡರೆ ಕೆಂಪು ಮತ್ತು ನೀಲಿ ಎರಡನ್ನೂ ಸ್ವಲ್ಪ ಸ್ವಲ್ಪ ಇಳಿಸಿ.
* ಹಳದಿಯಾಗಿ ಕಂಡರೆ ಕೆಂಪು ಮತ್ತು ಹಸಿರು ಇಳಿಸಿ.

ಹೆಚ್ಚಿಸುವುದಕ್ಕಿಂತ ಇಳಿಸುವುದು ಒಳ್ಳೆಯದು. ಮಿತಿ ಮೀರಿ ಹೆಚ್ಚಿಸಿದರೆ ತಿಳಿ ಬಣ್ಣಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಇಳಿಸಿದ ಮೇಲೆ ಬೆಳಕು ಸ್ವಲ್ಪ ತಗ್ಗುತ್ತದೆ, ಹಂತ 1ಕ್ಕೆ ಮರಳಿ ಸರಿಪಡಿಸಿ. ಒಂದೆರಡು ನಿಮಿಷಕ್ಕೊಮ್ಮೆ ಕಣ್ಣನ್ನು ಸ್ಕ್ರೀನ್‌ನಿಂದ ತೆಗೆದು ಬೇರೆಡೆ ನೋಡಿ. ದಿಟ್ಟಿಸಿ ನೋಡುತ್ತಲೇ ಇದ್ದರೆ ಕಣ್ಣು ತಪ್ಪಿಗೂ ಒಗ್ಗಿಕೊಂಡುಬಿಡುತ್ತದೆ.

ಎರಡನೇ ಸ್ಕ್ರೀನ್ ಲ್ಯಾಪ್‌ಟಾಪ್ ಆಗಿದ್ದರೆ ಮೇಲಿನ ನಿಯಂತ್ರಣಗಳು ಸಿಗುವುದಿಲ್ಲ. ವಿಂಡೋಸ್‌ನ ಸರ್ಚ್‌ನಲ್ಲಿ 'ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್' ಎಂದು ಹುಡುಕಿದರೆ ಗಾಮಾ ಮತ್ತು ಕಲರ್ ಬ್ಯಾಲೆನ್ಸ್ ತಿದ್ದುವ ಸೌಲಭ್ಯ ಸಿಗುತ್ತದೆ.

ಮೊಬೈಲ್‌ನಲ್ಲಿ ಎರಡೂ ಸ್ಕ್ರೀನ್‌ಗಳ ಫೋಟೊ ತೆಗೆದು ಹೋಲಿಸುವ ಅಭ್ಯಾಸ ಹಲವರಿಗಿದೆ. ಬೇಡ. ಕ್ಯಾಮೆರಾ ಸೆನ್ಸರ್ ಬಣ್ಣವನ್ನು ನಮ್ಮ ಕಣ್ಣಿನಂತೆ ನೋಡುವುದಿಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬಿಳಿಗಳು ಅದರಲ್ಲಿ ಬೇರೆ ಬೇರೆ ಬರಬಹುದು.

ಹಂತ 3: ಬೂದು ಬಣ್ಣ ಪರೀಕ್ಷಿಸಿ

ಎರಡರಲ್ಲೂ ಗಾಮಾ 2.2 ಇಡಿ. ನಂತರ ಬಿಳಿಯಿಂದ ಕಪ್ಪಿನವರೆಗೆ ಬೂದು ಪಟ್ಟಿಗಳಿರುವ ಚಿತ್ರ ತೆರೆಯಿರಿ. ಬಿಳಿ ಹೊಂದಿದ್ದರೂ ನಡುವಿನ ಬೂದು ಹಸಿರಾಗಿಯೋ ಗುಲಾಬಿಯಾಗಿಯೋ ಕಾಣುವುದುಂಟು. ಮಾನಿಟರ್ ಮೆನುವಿನಿಂದ ಇದನ್ನು ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಉಪಕರಣ ನಿಜವಾಗಿ ಬೇಕಾಗುವುದು ಇಲ್ಲಿಂದ ಮುಂದೆ.

ಹಂತ 4: ಉಪಕರಣದಿಂದ ಅಳೆಯಿರಿ

ಸ್ಕ್ರೀನ್ ಮೇಲೆ ಇಟ್ಟು ಬಣ್ಣ ಅಳೆಯುವ ಸಣ್ಣ ಉಪಕರಣಕ್ಕೆ ಕಲರಿಮೀಟರ್ ಎನ್ನುತ್ತಾರೆ. ಡೇಟಾಕಲರ್ ಕಂಪನಿಯ ಸ್ಪೈಡರ್, ಕ್ಯಾಲಿಬ್ರೈಟ್ ಕಂಪನಿಯ ಡಿಸ್‌ಪ್ಲೇ ಸರಣಿ ಇದಕ್ಕೆ ಹೆಸರಾಗಿವೆ. ಬೆಲೆ ಹಲವು ಸಾವಿರ ರೂಪಾಯಿ. ಆದರೆ ದಿನವೂ ಬೇಕಾಗುವ ವಸ್ತುವಲ್ಲ, ನಾಲ್ಕೈದು ಫೋಟೊಗ್ರಾಫರ್ ಗೆಳೆಯರು ಸೇರಿ ಒಂದನ್ನು ಕೊಂಡರೂ ಸಾಕು. ಉಪಕರಣದ ಜೊತೆ ಬರುವ ಸಾಫ್ಟ್‌ವೇರ್ ಅಲ್ಲದೆ, ಉಚಿತವಾಗಿ ಸಿಗುವ ಡಿಸ್‌ಪ್ಲೇಕ್ಯಾಲ್ ಕೂಡ ಇದೆ. ಗ್ರೇಮ್ ಗಿಲ್ ರೂಪಿಸಿದ ಆರ್ಗಿಲ್‌ಸಿಎಂಎಸ್ ಇದರ ಹಿಂದಿನ ಎಂಜಿನ್.

ಕ್ರಮ ಹೀಗಿರಲಿ:

1. ಮುಖ್ಯ ಮಾನಿಟರ್‌ಗೆ ಡಿ65 ಬಿಳಿ, ಗಾಮಾ 2.2, 100 ಅಥವಾ 120 ನಿಟ್ಸ್ ಗುರಿ ಇಟ್ಟು ಕ್ಯಾಲಿಬ್ರೇಟ್ ಮಾಡಿ, ಪ್ರೊಫೈಲ್ ಮಾಡಿ.
2. ಎರಡನೆಯದಕ್ಕೂ ಅದೇ ಉಪಕರಣ, ಅದೇ ಸಾಫ್ಟ್‌ವೇರ್, ಅದೇ ಗುರಿ ಬಳಸಿ. ಒಂದೇ ಸಲ ಕುಳಿತು ಎರಡನ್ನೂ ಮುಗಿಸಿ.
3. ಸಾಫ್ಟ್‌ವೇರ್ ಕೇಳಿದಾಗ ಆಯಾ ಸ್ಕ್ರೀನ್‌ನ ಬ್ಯಾಕ್‌ಲೈಟ್ ಬಗೆಯನ್ನು ಸರಿಯಾಗಿ ಆರಿಸಿ. ಸಾಮಾನ್ಯ ಬಿಳಿ ಎಲ್‌ಇಡಿ, ವೈಡ್ ಗ್ಯಾಮಟ್ ಎಲ್‌ಇಡಿ, ಒಎಲ್‌ಇಡಿ ಇವೆಲ್ಲ ಬೇರೆ ಬೇರೆ. ಕಲರಿಮೀಟರ್‌ನೊಳಗಿನ ಫಿಲ್ಟರ್‌ಗಳು ಮನುಷ್ಯರ ಕಣ್ಣಿಗೆ ಸುಮಾರಾಗಿ ಮಾತ್ರ ಹೋಲುತ್ತವೆ. ಬ್ಯಾಕ್‌ಲೈಟ್ ಯಾವುದೆಂದು ತಿಳಿಸದಿದ್ದರೆ ಅಳತೆಯೇ ತಪ್ಪುತ್ತದೆ.
4. ಈಗ ಎರಡೂ ಕಡೆ ಬಿಳಿ ಪುಟ ತೆರೆದು ಕಣ್ಣಿನಿಂದ ನೋಡಿ. ಹೊಂದಿದ್ದರೆ ಕೆಲಸ ಮುಗಿಯಿತು.

ಹೊಂದದಿದ್ದರೆ?

ಉಪಕರಣ 'ಒಂದೇ' ಎಂದರೂ ಕಣ್ಣು ಒಪ್ಪದಿದ್ದರೆ...

ಎರಡೂ ಸ್ಕ್ರೀನ್‌ಗಳ ಅಳತೆ ಒಂದೇ ಬಂದಿದೆ. ಆದರೂ ಒಂದು ಗುಲಾಬಿ, ಇನ್ನೊಂದು ಹಸಿರು. ಬೇರೆ ಬೇರೆ ಬ್ಯಾಕ್‌ಲೈಟ್ ಇರುವ ಸ್ಕ್ರೀನ್‌ಗಳಲ್ಲಿ ಇದು ಸಾಮಾನ್ಯ. ಕಾರಣ ತಿಳಿಯಲು ಸುಮಾರು 100 ವರ್ಷ ಹಿಂದಕ್ಕೆ ಹೋಗಬೇಕು.

1920ರ ದಶಕದಲ್ಲಿ ಬ್ರಿಟನ್‌ನ ವಿಜ್ಞಾನಿಗಳಾದ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್, ಮನುಷ್ಯರ ಕಣ್ಣು ಬಣ್ಣವನ್ನು ಹೇಗೆ ಹೊಂದಿಸುತ್ತದೆ ಎಂದು ಪ್ರತ್ಯೇಕವಾಗಿ ಪ್ರಯೋಗ ನಡೆಸಿದರು. ರೈಟ್ ಪ್ರಯೋಗದಲ್ಲಿ 10 ಮಂದಿ, ಗಿಲ್ಡ್ ಪ್ರಯೋಗದಲ್ಲಿ 7 ಮಂದಿ ಭಾಗವಹಿಸಿದ್ದರು. ಈ 17 ಜನರ ಸರಾಸರಿಯ ಆಧಾರದ ಮೇಲೆ ಅಂತಾರಾಷ್ಟ್ರೀಯ ಬೆಳಕು ಆಯೋಗವಾದ ಸಿಐಇ 1931ರಲ್ಲಿ ಒಂದು 'ಮಾದರಿ ವೀಕ್ಷಕ'ನನ್ನು ರೂಪಿಸಿತು. ಇಂದಿಗೂ ಮಾನಿಟರ್ ಅಳೆಯುವ ಉಪಕರಣಗಳು ಬಣ್ಣವನ್ನು ಲೆಕ್ಕ ಹಾಕುವುದು ಬಹುತೇಕ ಆ ಕಲ್ಪಿತ ವೀಕ್ಷಕನ ಕಣ್ಣಿನಿಂದಲೇ.

ಆ ಪ್ರಯೋಗಗಳಲ್ಲಿ ನೋಡಿದ್ದು 2 ಡಿಗ್ರಿಯಷ್ಟು ಸಣ್ಣ ಜಾಗವನ್ನು, ಅಂದರೆ ಕೈ ಚಾಚಿದಾಗ ನಮ್ಮದೇ ಹೆಬ್ಬೆರಳಿನ ಅಗಲ ಕಾಣುವಷ್ಟು. 24 ಇಂಚಿನ ಮಾನಿಟರ್ ಅದಕ್ಕಿಂತ ಎಷ್ಟೋ ದೊಡ್ಡದು. ಜೊತೆಗೆ, ಈಗಿನ ವೈಡ್ ಗ್ಯಾಮಟ್ ಮತ್ತು ಒಎಲ್‌ಇಡಿ ಸ್ಕ್ರೀನ್‌ಗಳ ಬೆಳಕಿನ ಸಂಯೋಜನೆ ಹಳೆಯ ಸ್ಕ್ರೀನ್‌ಗಳಿಗಿಂತ ಬೇರೆ. ಲೆಕ್ಕದಲ್ಲಿ ಒಂದೇ ಬಿಳಿಯಾದರೂ ಅದರೊಳಗಿನ ಬೆಳಕಿನ ಪಾಕ ಬೇರೆ ಇರುತ್ತದೆ. 'ಮಾದರಿ ವೀಕ್ಷಕ'ನಿಗಿಂತ ನಿಮ್ಮ ಕಣ್ಣು ಕೊಂಚ ಭಿನ್ನವಾಗಿದ್ದರೂ ಎರಡು ಬಿಳಿಗಳು ಬೇರೆಯಾಗಿ ಕಾಣುತ್ತವೆ.

ಎಲ್ಲರ ಕಣ್ಣುಗಳೂ ಕೊಂಚ ಭಿನ್ನವೇ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕು ಕಡಿಮೆ ಒಳಹೋಗುತ್ತದೆ. ಹಾಗಾಗಿ 25ರ ಎಡಿಟರ್‌ಗೆ ಹೊಂದಿದಂತೆ ಕಾಣುವ ಎರಡು ಸ್ಕ್ರೀನ್‌ಗಳು 60ರ ಸ್ಟುಡಿಯೊ ಮಾಲೀಕರಿಗೆ ಬೇರೆಯಾಗಿ ಕಾಣಬಹುದು. ಇಬ್ಬರೂ ಹೇಳುವುದು ನಿಜವೇ, ಜಗಳ ಬೇಕಿಲ್ಲ.

ದೊಡ್ಡ ಕಂಪನಿಗಳಿಗೂ ಈ ಸಮಸ್ಯೆ ತಪ್ಪಿದ್ದಲ್ಲ. ಸೋನಿ ತನ್ನ ವೃತ್ತಿಪರ ಒಎಲ್‌ಇಡಿ ಮಾನಿಟರ್‌ಗಳ ಬಿಳಿಯನ್ನು ಹಳೆಯ ಸಿಆರ್‌ಟಿ ಮಾನಿಟರ್‌ಗಳಿಗೆ ಹೊಂದಿಸುವಾಗ 1931ರ ಲೆಕ್ಕವನ್ನು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಡೀನ್ ಜಡ್ ಎಂಬ ವಿಜ್ಞಾನಿ 1951ರಲ್ಲಿ ಸೂಚಿಸಿದ್ದ ತಿದ್ದುಪಡಿಯ ಮೊರೆ ಹೋಯಿತು.

ಪರಿಹಾರ: ಎರಡನೆಯದರ ಬಿಳಿಯನ್ನು ಕಣ್ಣಿನಿಂದ ಹೊಂದಿಸಿ, ಉಳಿದದ್ದನ್ನು ಉಪಕರಣಕ್ಕೆ ಬಿಡಿ

* ಮುಖ್ಯ ಮಾನಿಟರ್ ಅನ್ನು ಉಪಕರಣ ಹೇಳಿದಂತೆಯೇ ಬಿಡಿ.
* ಎರಡನೆಯದರ ಬಿಳಿಯನ್ನು ಹಂತ 2ರಲ್ಲಿ ಹೇಳಿದಂತೆ ಕಣ್ಣಿನಿಂದ ಮುಖ್ಯ ಮಾನಿಟರ್‌ಗೆ ಹೊಂದಿಸಿ. ಲ್ಯಾಪ್‌ಟಾಪ್ ಆಗಿದ್ದರೆ ಡಿಸ್‌ಪ್ಲೇಕ್ಯಾಲ್‌ನಲ್ಲಿ ಕಣ್ಣಿನಿಂದ ಬಿಳಿ ಆರಿಸುವ ಸೌಲಭ್ಯವಿದೆ.
* ಕಣ್ಣಿನಿಂದಲೇ ಹೊಂದಿಸಿದ್ದರೆ, ನಂತರ ಎರಡನೆಯದನ್ನು ಮತ್ತೆ ಅಳೆಯುವಾಗ ಬಿಳಿಯ ಗುರಿಯನ್ನು ಡಿ65 ಎನ್ನುವ ಬದಲು 'ಆಸ್ ಮೆಶರ್ಡ್', ಅಂದರೆ 'ಈಗ ಇದ್ದಂತೆ' ಎಂದು ಆರಿಸಿ. ಗಾಮಾ 2.2 ಹಾಗೆಯೇ ಇರಲಿ. ಪ್ರೊಫೈಲ್ ಮಾಡಿ.

ಹೀಗೆ ಮಾಡಿದರೆ ಎರಡನೇ ಸ್ಕ್ರೀನ್‌ನ ಬಿಳಿಯ ಅಳತೆ ಅಂಕಿಯಲ್ಲಿ 'ತಪ್ಪಾಗಿ' ಕಾಣುತ್ತದೆ. ಚಿಂತೆ ಬೇಡ. ಫೋಟೊಶಾಪ್‌ನಂಥ ಸಾಫ್ಟ್‌ವೇರ್ ಪ್ರತಿ ಸ್ಕ್ರೀನ್‌ನ ಬಿಳಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದ ಬಣ್ಣಗಳನ್ನು ಲೆಕ್ಕ ಹಾಕುತ್ತದೆ. ಬಿಳಿ ಕಣ್ಣಿಗೆ ಹೊಂದಿದರೆ ಉಳಿದವೂ ಅದರ ಹಿಂದೆ ಬರುತ್ತವೆ.

ಪ್ರೊಫೈಲ್ ಹಾಕಿದರೂ ಬಣ್ಣ ಬೇರೆ ಕಾಣುವುದೇಕೆ?

ಎಲ್ಲ ಸಾಫ್ಟ್‌ವೇರ್‌ಗಳೂ ಪ್ರೊಫೈಲ್ ಓದುವುದಿಲ್ಲ. ವಿಂಡೋಸ್‌ನ ಡೆಸ್ಕ್‌ಟಾಪ್ ಮತ್ತು ಹಲವು ಸಾಮಾನ್ಯ ಆ್ಯಪ್‌ಗಳು ಅಂಕಿಗಳನ್ನು ನೇರವಾಗಿ ಸ್ಕ್ರೀನ್‌ಗೆ ಕಳುಹಿಸುತ್ತವೆ. ಆಗ ವೈಡ್ ಗ್ಯಾಮಟ್ ಮಾನಿಟರ್‌ನಲ್ಲಿ ಮುಖಗಳು ಟೊಮೆಟೊದಂತೆ ಕೆಂಪಗಾಗುತ್ತವೆ. ಅಂಥ ಮಾನಿಟರ್‌ನ ಎಸ್‌ಆರ್‌ಜಿಬಿ ಮೋಡ್ ಬಳಸುವುದು ಇದಕ್ಕೆ ಸುಲಭ ಪರಿಹಾರ. ವಿಂಡೋಸ್ 11ರಲ್ಲಿ, ಬೆಂಬಲವಿರುವ ಸ್ಕ್ರೀನ್‌ಗಳಿಗೆ ಆ್ಯಪ್‌ಗಳ ಬಣ್ಣವನ್ನು ತಾನಾಗಿಯೇ ನಿರ್ವಹಿಸುವ ಆಯ್ಕೆಯೂ ಬಂದಿದೆ. ಮ್ಯಾಕ್‌ನಲ್ಲಿ ಬಣ್ಣ ನಿರ್ವಹಣೆ ವ್ಯವಸ್ಥೆಯೊಳಗೇ ಇರುವುದರಿಂದ ಈ ತೊಂದರೆ ಕಡಿಮೆ.

ಪ್ರತಿ ಸ್ಕ್ರೀನ್‌ಗೂ ಅದರದ್ದೇ ಪ್ರೊಫೈಲ್ ಕೂತಿದೆಯೇ ಎಂದು ವಿಂಡೋಸ್‌ನ 'ಕಲರ್ ಮ್ಯಾನೇಜ್‌ಮೆಂಟ್'ನಲ್ಲಿ ಖಚಿತಪಡಿಸಿಕೊಳ್ಳಿ. ಕೆಲವು ಸಾಫ್ಟ್‌ವೇರ್‌ಗಳು ಮೇನ್ ಡಿಸ್‌ಪ್ಲೇ ಎಂದು ಗುರುತಿಸಿದ ಸ್ಕ್ರೀನ್‌ನ ಪ್ರೊಫೈಲ್ ಮಾತ್ರ ಓದುತ್ತವೆ. ಆದ್ದರಿಂದ ನಿಮ್ಮ ಮುಖ್ಯ ಮಾನಿಟರ್ ಅನ್ನೇ ಮೇನ್ ಡಿಸ್‌ಪ್ಲೇ ಮಾಡಿ. 'ಡ್ಯೂಪ್ಲಿಕೇಟ್' ಬದಲು 'ಎಕ್ಸ್‌ಟೆಂಡ್' ಆಯ್ಕೆ ಇರಲಿ.

ಎಷ್ಟೇ ಮಾಡಿದರೂ ಹೊಂದದೆ ಉಳಿಯುವುದು ಏನು?

ಕ್ಯಾಲಿಬ್ರೇಷನ್ ಇಲ್ಲದ ಬಣ್ಣವನ್ನು ಹುಟ್ಟಿಸುವುದಿಲ್ಲ. 45% ಎನ್‌ಟಿಎಸ್‌ಸಿ ಲ್ಯಾಪ್‌ಟಾಪ್‌ನಲ್ಲಿ ಇಳಕಲ್ ಸೆರಗಿನ ಗಾಢ ಕೆಂಪು ಇಲ್ಲವೇ ಇಲ್ಲ. ಎಂಥ ಉಪಕರಣ ತಂದರೂ ಬರುವುದಿಲ್ಲ.

ಕಪ್ಪೂ ಹಾಗೆಯೇ. ಐಪಿಎಸ್ ಪ್ಯಾನಲ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000:1ರ ಆಸುಪಾಸು, ವಿಎ ಪ್ಯಾನಲ್‌ನದು 3000:1ರ ಆಸುಪಾಸು. ಎರಡರ ಬಿಳಿಯನ್ನೂ 120 ನಿಟ್ಸ್‌ಗೆ ತಂದರೆ ಮೊದಲನೆಯದರ ಕಪ್ಪು 0.12 ನಿಟ್ಸ್, ಎರಡನೆಯದರದು 0.04 ನಿಟ್ಸ್. ರಾತ್ರಿಯ ದೃಶ್ಯಗಳಲ್ಲಿ ಈ ವ್ಯತ್ಯಾಸ ಕಂಡೇ ಕಾಣುತ್ತದೆ. ಹೊಳೆಯುವ ಗಾಜಿನ ಸ್ಕ್ರೀನ್ ಮತ್ತು ಮ್ಯಾಟ್ ಸ್ಕ್ರೀನ್ ನಡುವಿನ ಅಂತರವನ್ನೂ ಯಾವ ಸಾಫ್ಟ್‌ವೇರ್ ತುಂಬಲಾರದು. ಅಗ್ಗದ ಟಿಎನ್ ಪ್ಯಾನಲ್ ಆದರೆ ತಲೆ ಸ್ವಲ್ಪ ಮೇಲೆತ್ತಿದರೂ ಬಣ್ಣ ಬದಲಾಗುತ್ತದೆ.

ಆದ್ದರಿಂದ ಗುರಿ 'ಎಲ್ಲ ಬಣ್ಣವೂ ಒಂದೇ' ಎಂಬುದಲ್ಲ. ಬಿಳಿ, ಬೂದು, ಚರ್ಮದ ಬಣ್ಣ, ಈ ಮೂರು ಹೊಂದಿದರೆ ದಿನನಿತ್ಯದ ಕೆಲಸಕ್ಕೆ ಸಾಕು. ಇವು ಸಾಮಾನ್ಯವಾಗಿ ಎಲ್ಲ ಸ್ಕ್ರೀನ್‌ಗಳ ವ್ಯಾಪ್ತಿಯೊಳಗೇ ಇರುತ್ತವೆ. ಅಂತಿಮ ತೀರ್ಮಾನ ಮಾತ್ರ ಯಾವಾಗಲೂ ಮುಖ್ಯ ಮಾನಿಟರ್‌ನಲ್ಲೇ ಆಗಲಿ. ಎರಡನೆಯದರಲ್ಲಿ ಫೋಲ್ಡರ್, ಟೂಲ್‌ಗಳು, ವಾಟ್ಸ್‌ಆ್ಯಪ್ ಇಟ್ಟುಕೊಳ್ಳಿ.

ಓದುಗರಿಗೆ ಬರಬಹುದಾದ ಪ್ರಶ್ನೆಗಳು

ಪ್ರಶ್ನೆ: ಗ್ರಾಹಕರು ನೋಡುವುದು ಅವರ ಮೊಬೈಲ್‌ನಲ್ಲಿ. ನಮ್ಮ ಮಾನಿಟರ್ ಸರಿ ಮಾಡಿ ಏನು ಪ್ರಯೋಜನ?
ಉತ್ತರ: ಅವರ ಮೊಬೈಲ್ ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಿಮ್ಮ ಸ್ಕ್ರೀನ್ ಹಳದಿಯಾಗಿದ್ದರೆ ನೀವು ಫೋಟೊವನ್ನು ನೀಲಿಯಾಗಿ ತಿದ್ದಿ ಕಳುಹಿಸುತ್ತೀರಿ. ಆ ತಪ್ಪಿನ ಮೇಲೆ ಅವರ ಮೊಬೈಲ್‌ನ ತಪ್ಪೂ ಸೇರಿಕೊಳ್ಳುತ್ತದೆ. ನಿಮ್ಮ ಕಡೆಯದು ಸರಿಯಿದ್ದರೆ ಹೆಚ್ಚಿನವರಿಗೆ ಸೀರೆ ಅದರ ನಿಜ ಬಣ್ಣಕ್ಕೆ ಹತ್ತಿರವಾಗಿಯೇ ಕಾಣುತ್ತದೆ.

ಪ್ರಶ್ನೆ: ಡೆಲ್ಟಾ ಇ ಎಂದರೇನು?
ಉತ್ತರ: ಬೇಕಾದ ಬಣ್ಣಕ್ಕೂ ಸ್ಕ್ರೀನ್ ತೋರಿಸಿದ ಬಣ್ಣಕ್ಕೂ ಇರುವ ಅಂತರದ ಅಂಕಿ. 1ರ ಆಸುಪಾಸಿನ ವ್ಯತ್ಯಾಸ ಕಣ್ಣಿಗೆ ಕಷ್ಟದಿಂದ ಗೊತ್ತಾಗುತ್ತದೆ. 2ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎನ್ನಲಾಗುತ್ತದೆ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಬೇಕು?
ಉತ್ತರ: ಬಣ್ಣದ ಕೆಲಸವಾದರೆ ತಿಂಗಳಿಗೊಮ್ಮೆ. ಬ್ಯಾಕ್‌ಲೈಟ್ ಕಾಲಕ್ರಮೇಣ ಮಂಕಾಗುತ್ತದೆ. ಬ್ರೈಟ್‌ನೆಸ್ ಅಥವಾ ಪಿಕ್ಚರ್ ಮೋಡ್ ಬದಲಿಸಿದ ಕೂಡಲೇ ಹಳೆಯ ಪ್ರೊಫೈಲ್ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಮಾನಿಟರ್ ಕೊಂಡರೆ ಸಮಸ್ಯೆ ಇರುವುದಿಲ್ಲವೇ?
ಉತ್ತರ: ತುಂಬಾ ಕಡಿಮೆಯಾಗುತ್ತದೆ. ಬ್ಯಾಕ್‌ಲೈಟ್ ಬಗೆ ಒಂದೇ ಇರುವುದರಿಂದ ಅಳತೆ ಮತ್ತು ಕಣ್ಣು ಹೆಚ್ಚಾಗಿ ಒಪ್ಪುತ್ತವೆ. ಆದರೂ ಒಂದಕ್ಕೊಂದು ಪೂರ್ತಿ ಹೊಂದಿರುವುದಿಲ್ಲ, ಪ್ರತ್ಯೇಕವಾಗಿ ಕ್ಯಾಲಿಬ್ರೇಟ್ ಮಾಡಲೇಬೇಕು.

ದೊಡ್ಡ ಆರ್ಡರ್ ಕೈಗೆತ್ತಿಕೊಂಡಿದ್ದರೆ ಕೊನೆಯದಾಗಿ ಇಷ್ಟು ಮಾಡಿ. ಆಲ್ಬಂ ಆದರೆ ಪೂರ್ತಿ ಪ್ರಿಂಟ್‌ಗೆ ಕೊಡುವ ಮೊದಲು ಒಂದೇ ಒಂದು ಪುಟ ಪ್ರಿಂಟ್ ಮಾಡಿಸಿ ಮುಖ್ಯ ಮಾನಿಟರ್ ಪಕ್ಕದಲ್ಲಿ ಹಿಡಿದು ನೋಡಿ. ಸೀರೆಯಾದರೆ ಸೀರೆಯನ್ನೇ ಹಗಲು ಬೆಳಕಿನಲ್ಲಿ ಸ್ಕ್ರೀನ್ ಪಕ್ಕ ಹಿಡಿದು, ಫೋಟೊದ ಸೆರಗು ಅದಕ್ಕೆ ಹತ್ತಿರ ಬಂದ ಮೇಲೆಯೇ ಗ್ರಾಹಕರಿಗೆ ಕಳುಹಿಸಿ. ಎರಡು ಸ್ಕ್ರೀನ್‌ಗಳ ನಡುವೆ ಇನ್ನೂ ಅನುಮಾನ ಉಳಿದಿದ್ದರೆ ಅದನ್ನು ತೀರಿಸುವುದು ಕೈಯಲ್ಲಿರುವ ಆ ಸೀರೆಯೇ.